ನಕ್ಷತ್ರಕ್ಕೆ ಬಾಲ ಬಂದರೆ

ಟೆಲಿಸ್ಕೋಪು ಕೊಂಡ ಮೊದಲ ತಿಂಗಳು ನಾನು ಬೈದದ್ದೆಲ್ಲ ಆಕಾಶವನ್ನೇ. ಶನಿ ಕಾಣುತ್ತಿತ್ತು, ಬಳೆಯೂ ಇತ್ತು. ಆದರೆ ಅಂಚೆಲ್ಲ ಒದ್ದೆ ಕೈಯಲ್ಲಿ ಒರೆಸಿದ ಹಾಗೆ ಮಸುಕು. ಗಾಳಿ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಸರಿಯಿಲ್ಲ ಅಂದುಕೊಂಡು ಇನ್ನೊಂದು ಕೊಂಡೆ. ಅದರಲ್ಲೂ ಅದೇ ಕಥೆ. ಒಂದು ರಾತ್ರಿ ಸುಮ್ನೆ ಒಂದು ನಕ್ಷತ್ರವನ್ನು ದೊಡ್ಡದು ಮಾಡಿ ನೋಡಿದಾಗ ಗುಟ್ಟು ಗೊತ್ತಾಯಿತು. ಚುಕ್ಕಿಯಾಗಿ ಕಾಣಬೇಕಾದ ನಕ್ಷತ್ರಕ್ಕೆ ಒಂದು ಪಕ್ಕ ಸಣ್ಣ ಬಾಲ ಇತ್ತು. ನೋಟದ ನಟ್ಟನಡುವೆ ತಂದರೂ ಬಾಲ ಹೋಗಲಿಲ್ಲ. ಗಾಳಿಯದೂ ತಪ್ಪಿರಲಿಲ್ಲ, ಐಪೀಸಿನದೂ ಇರಲಿಲ್ಲ. ಕನ್ನಡಿ ವಾಲಿತ್ತು.

ನ್ಯೂಟನ್ 1668ರಲ್ಲಿ ಮಾಡಿದ ಪುಟ್ಟ ಟೆಲಿಸ್ಕೋಪಿನಲ್ಲಿ ಎರಡೇ ಎರಡು ಕನ್ನಡಿಗಳಿದ್ದವು. ಇಂದಿನ ಹವ್ಯಾಸಿಗಳ ಕೊಳವೆಯಲ್ಲೂ ಇರುವುದು ಅಷ್ಟೇ. ತಳದಲ್ಲಿ ಬಟ್ಟಲಿನಂತೆ ತಗ್ಗಾದ ದೊಡ್ಡ ಕನ್ನಡಿ ಬೆಳಕನ್ನು ಒಟ್ಟುಮಾಡಿ ಮೇಲಕ್ಕೆ ಕಳಿಸುತ್ತದೆ. ಬಾಯಿಯ ಹತ್ತಿರ ಓರೆಯಾಗಿ ನಿಂತ ಚಿಕ್ಕ ಚಪ್ಪಟೆ ಕನ್ನಡಿ ಅದನ್ನು ಪಕ್ಕಕ್ಕೆ, ನಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತದೆ. ನ್ಯೂಟನ್ನನ ಕನ್ನಡಿ ಲೋಹದ್ದು, ಬೇಗ ಮಂಕಾಗುತ್ತಿತ್ತು. ನಮ್ಮದು ಗಾಜಿನ ಮೇಲೆ ಅಲ್ಯೂಮಿನಿಯಂ ಲೇಪಿಸಿದ್ದು. ಆದರೆ ಎರಡು ಕನ್ನಡಿಗಳೂ ಒಂದಕ್ಕೊಂದು ನೇರ ಇರಬೇಕು ಎಂಬ ಷರತ್ತು ಮಾತ್ರ ಬದಲಾಗಿಲ್ಲ. ಹಾಗೆ ಹೊಂದಿಸುವುದಕ್ಕೆ ಹವ್ಯಾಸಿಗಳು ಕೊಲಿಮೇಶನ್ ಎನ್ನುತ್ತಾರೆ.

ಎಷ್ಟು ನೇರ? ಹೊಸಬರು ಅಂದಾಜು ತಪ್ಪುವುದು ಇಲ್ಲೇ. ದೊಡ್ಡ ಕನ್ನಡಿಯ ಮೈ ಪ್ಯಾರಾಬೋಲದ ಆಕಾರದಲ್ಲಿರುತ್ತದೆ. ಈ ಆಕಾರ ದೂರದ ಬೆಳಕನ್ನು ಚುಕ್ಕಿಯಷ್ಟು ಜಾಗಕ್ಕೆ ತರುತ್ತದೆ, ಆದರೆ ತನ್ನ ನಡುಗೆರೆಯ ಮೇಲೆ ಮಾತ್ರ. ಗೆರೆಯಿಂದ ಸ್ವಲ್ಪ ಸರಿದರೆ ಚುಕ್ಕಿಗೆ ಬಾಲ ಮೂಡುತ್ತದೆ. ಈ ದೋಷಕ್ಕೆ ಕೋಮಾ ಎಂದು ಹೆಸರು, ಅಂದರೆ ಕೂದಲು. ಕಾಮೆಟ್, ಅಂದರೆ ಧೂಮಕೇತು, ಅದಕ್ಕೂ ಅದೇ ಮೂಲ. ಐಪೀಸಿನಲ್ಲಿ ನೋಡಿದವರಿಗೆ ಆ ಹೆಸರು ಯಾಕೆ ಬಂತು ಅಂತ ಕೇಳಬೇಕಾಗಿಲ್ಲ.

ಬಾಲ ಕಾಣದ ಆ ನಡುವಿನ ಜಾಗ ಎಷ್ಟು ಅಗಲ ಎನ್ನುವುದನ್ನು ಫೋಕಲ್ ಅನುಪಾತ ಹೇಳುತ್ತದೆ. ಕನ್ನಡಿಯಿಂದ ಬೆಳಕು ಚುಕ್ಕಿಯಾಗಿ ಸೇರುವ ಜಾಗದವರೆಗಿನ ದೂರವನ್ನು, ಅಂದರೆ ಫೋಕಲ್ ದೂರವನ್ನು, ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಅನುಪಾತ 8 ಆಗಿದ್ದರೆ ಒಳ್ಳೆಯ ಜಾಗ ಸುಮಾರು 11 ಮಿಲಿಮೀಟರ್. 5 ಆದರೆ 3 ಮಿಲಿಮೀಟರಿಗಿಂತಲೂ ಕಮ್ಮಿ. 4 ಆದರೆ ಬರೀ 1.4. ಕೊಳವೆ ಗಿಡ್ಡವಾದಷ್ಟೂ ಹೊರಲು ಹಗುರ, ಹೊಂದಿಸಲು ಕಷ್ಟ. ಮೊದಲ ಟೆಲಿಸ್ಕೋಪು ಕೊಳ್ಳುವವರಿಗೆ ನಾನು ಉದ್ದ ಕೊಳವೆಯನ್ನೇ ಹೇಳುವುದು ಇದಕ್ಕೇ.

ಒಂದು ಸಣ್ಣ ಲೆಕ್ಕ. 200 ಮಿಲಿಮೀಟರ್ ಕನ್ನಡಿ, ಫೋಕಲ್ ದೂರ 1,000 ಮಿಲಿಮೀಟರ್, ಅಂದರೆ ಅನುಪಾತ 5. ಕನ್ನಡಿಯ ಹಿಂದೆ ಮೂರು ಸ್ಕ್ರೂಗಳಿವೆ. ಒಂದು ಸ್ಕ್ರೂವಿನಿಂದ ಉಳಿದೆರಡನ್ನು ಸೇರಿಸುವ ಗೆರೆಗೆ 150 ಮಿಲಿಮೀಟರ್ ಇದೆ ಅನ್ನೋಣ. ಆ ಸ್ಕ್ರೂವನ್ನು ಒಂದೇ ಒಂದು ಮಿಲಿಮೀಟರ್ ಮುಂದೆ ತಳ್ಳಿದರೆ ನಡುಗೆರೆ ಫೋಕಸ್ ಹತ್ತಿರ ಆರೇಳು ಮಿಲಿಮೀಟರ್ ಸರಿಯುತ್ತದೆ. ನಮಗಿರುವ ಒಳ್ಳೆಯ ಜಾಗದ ಅಗಲವೇ 3 ಮಿಲಿಮೀಟರ್ ಇಲ್ಲ! ಗಾಡಿಯ ಡಿಕ್ಕಿಯಲ್ಲಿ ಒಮ್ಮೆ ಕುಲುಕಿದರೂ ಕೆಲಸ ಕೆಡುತ್ತದೆ ಅಂದರೆ ಅಚ್ಚರಿಯೇನಿಲ್ಲ, ಅಲ್ವಾ?

ಹೊಂದಿಸಲು ದುಬಾರಿ ಸಾಮಾನು ಬೇಡ. ಫೋಕಸರಿಗೆ, ಅಂದರೆ ಐಪೀಸ್ ಕೂರಿಸುವ ಗಿಡ್ಡ ನಳಿಗೆಗೆ, ಸರಿಯಾಗಿ ಕೂರುವ ಒಂದು ಮುಚ್ಚಳ, ಅದರ ನಟ್ಟನಡುವೆ ಒಂದೆರಡು ಮಿಲಿಮೀಟರಿನ ತೂತು, ಇಷ್ಟು ಸಾಕು. ದೊಡ್ಡ ಕನ್ನಡಿಯ ಮಧ್ಯದಲ್ಲಿ ಕಾಗದದ ಸಣ್ಣ ಬಳೆಯೊಂದನ್ನು ಅಂಟಿಸಿರಬೇಕು. ಆ ಭಾಗ ಹೇಗೂ ಚಿಕ್ಕ ಕನ್ನಡಿಯ ನೆರಳಿನಲ್ಲಿ ಇರುವುದರಿಂದ ನೋಟಕ್ಕೆ ಏನೂ ನಷ್ಟವಿಲ್ಲ. ಹಗಲಲ್ಲಿ ತೂತಿನಿಂದ ನೋಡಿ. ಮೊದಲು ಚಿಕ್ಕ ಕನ್ನಡಿ ಫೋಕಸರಿನ ಕೆಳಗೆ ದುಂಡಗೆ, ನಡುವೆ ಕಾಣಬೇಕು. ಅದರೊಳಗೆ ದೊಡ್ಡ ಕನ್ನಡಿ ಪೂರ್ತಿ ಕಾಣಬೇಕು, ಅದನ್ನು ಹಿಡಿದಿರುವ ಕ್ಲಿಪ್ಪುಗಳೂ ಸೇರಿ. ಇದು ಚಿಕ್ಕ ಕನ್ನಡಿಯ ಸ್ಕ್ರೂಗಳ ಕೆಲಸ. ಕೊನೆಗೆ ಕಾಗದದ ಬಳೆಯ ಒಳಗೆ ನಿಮ್ಮ ತೂತಿನ ಬಿಂಬ ಬಂದು ಕೂರಬೇಕು. ಅದು ದೊಡ್ಡ ಕನ್ನಡಿಯ ಸ್ಕ್ರೂಗಳ ಕೆಲಸ. ಈ ಕ್ರಮ ತಪ್ಪಿಸಿದರೆ ಒಂದನ್ನು ಸರಿಮಾಡಿ ಇನ್ನೊಂದನ್ನು ಕೆಡಿಸುತ್ತಾ ಅರ್ಧ ದಿನ ಹೋಗುತ್ತದೆ. ಹೋಗಿದೆ ಕೂಡ!

ಚಿಕ್ಕ ಕನ್ನಡಿಯ ಸ್ಕ್ರೂ ಮುಟ್ಟುವಾಗ ಕೊಳವೆಯನ್ನು ಅಡ್ಡ ಮಲಗಿಸಿಕೊಳ್ಳಿ. ನೆಟ್ಟಗೆ ನಿಲ್ಲಿಸಿ ಬಿಚ್ಚಲು ಹೋದರೆ ಕೈಜಾರಿದ ಸ್ಕ್ರೂಡ್ರೈವರ್ ಬೀಳುವುದು ಸೀದಾ ದೊಡ್ಡ ಕನ್ನಡಿಯ ಮೇಲೆ.

ಲೇಸರ್ ಬಳಸುವವರೂ ಬಹಳ. ಅನುಕೂಲ ನಿಜ, ಕತ್ತಲಲ್ಲೂ ಕೆಲಸ ಆಗುತ್ತದೆ. ಆದರೆ ಲೇಸರಿನ ಕಿರಣವೇ ತನ್ನ ಡಬ್ಬಿಯೊಳಗೆ ಓರೆಯಾಗಿದ್ದರೆ? ಅದನ್ನು ಫೋಕಸರಿನಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ದೊಡ್ಡ ಕನ್ನಡಿಯ ಮೇಲೆ ಬೀಳುವ ಕೆಂಪು ಚುಕ್ಕಿ ಇದ್ದಲ್ಲೇ ಇದ್ದರೆ ಸರಿ. ವೃತ್ತ ಸುತ್ತಿದರೆ ಅದನ್ನು ನಂಬುವಂತಿಲ್ಲ. ನನಗೆ ಸಿಕ್ಕಿದ್ದು ವೃತ್ತ ಸುತ್ತುವಂಥದ್ದೇ.

ಇವೆಲ್ಲದರ ಮೇಲೆ ಕೊನೆಯ ತೀರ್ಪು ನಕ್ಷತ್ರದ್ದೇ. ಕೊಳವೆಯನ್ನು ಹೊರಗಿಟ್ಟು ಅರ್ಧದಿಂದ ಒಂದು ಗಂಟೆ ಆರಲು ಬಿಡಿ. ಗಾಳಿಗಿಂತ ಬೆಚ್ಚಗಿರುವ ಕನ್ನಡಿಯ ಮೇಲೆ ಬಿಸಿಗಾಳಿ ಅಲೆಯಾಡುತ್ತಿರುತ್ತದೆ. ಆಗ ನಕ್ಷತ್ರ ಉರಿಯಂತೆ ಕುಣಿಯುತ್ತದೆ, ಏನೂ ತಿಳಿಯುವುದಿಲ್ಲ. ಆಮೇಲೆ ಹದವಾದ ಹೊಳಪಿನ ಒಂದು ನಕ್ಷತ್ರ ಹಿಡಿಯಿರಿ. ಕಾಣುವ ಕಡೆಯಿದ್ದರೆ ಧ್ರುವ ನಕ್ಷತ್ರವೇ ಒಳ್ಳೆಯದು, ನೋಟದಿಂದ ಓಡಿಹೋಗುವುದಿಲ್ಲ. ಜಾಸ್ತಿ ಶಕ್ತಿಯ ಐಪೀಸ್ ಹಾಕಿ, ನಕ್ಷತ್ರವನ್ನು ನಡುವೆ ತಂದು, ಫೋಕಸನ್ನು ಒಂಚೂರು ತಪ್ಪಿಸಿ. ಚುಕ್ಕಿ ಹಿಗ್ಗಿ ಒಂದರೊಳಗೊಂದು ಉಂಗುರಗಳಾಗುತ್ತದೆ. ಬೆಳಕು ಅಲೆ ಎನ್ನುವುದು ಕಣ್ಣಿಗೆ ಇಷ್ಟು ಅಂದವಾಗಿ ಕಾಣುವ ಜಾಗಗಳು ಕಡಿಮೆ.

ಉಂಗುರಗಳಿಗೆಲ್ಲ ಒಂದೇ ಕೇಂದ್ರವಿದ್ದರೆ ಕನ್ನಡಿ ನೇರ ಇದೆ. ಒಂದು ಪಕ್ಕಕ್ಕೆ ಒತ್ತಿಕೊಂಡಿದ್ದರೆ ವಾಲಿದೆ. ಆಗ ನಕ್ಷತ್ರವನ್ನು ನೋಟದಲ್ಲಿ ಅತ್ತಿತ್ತ ಸರಿಸಿ, ಉಂಗುರಗಳು ಎಲ್ಲಿ ಅತಿ ದುಂಡಗೆ ಕಾಣುತ್ತವೆ ಎಂದು ಹುಡುಕಿ. ಅಲ್ಲಿಂದ ಅದನ್ನು ನಡುವಿನ ಕಡೆಗೆ ತರುವ ಹಾಗೆ ದೊಡ್ಡ ಕನ್ನಡಿಯ ಸ್ಕ್ರೂವನ್ನು ಸ್ವಲ್ಪವೇ ತಿರುಗಿಸಿ. ಮತ್ತೆ ಮಧ್ಯಕ್ಕೆ ತಂದು ನೋಡಿ. ಮೂರ್ನಾಲ್ಕು ಸಲ ಮಾಡಬೇಕಾಗುತ್ತದೆ. ಫೋಕಸನ್ನು ತೀರಾ ದೂರ ತಪ್ಪಿಸಬೇಡಿ. ಗಿಡ್ಡ ಕೊಳವೆಗಳಲ್ಲಿ ಎಲ್ಲ ಸರಿಯಿದ್ದರೂ ಆಗ ನಡುವೆ ಕಾಣುವ ಚಿಕ್ಕ ಕನ್ನಡಿಯ ಕಪ್ಪು ನೆರಳು ಕೊಂಚ ಪಕ್ಕಕ್ಕೇ ಕಾಣುತ್ತದೆ.

ಉಂಗುರ ದುಂಡಗಿದ್ದೂ ಚಿತ್ರ ಮಸುಕಾಗಿದ್ದರೆ ಕನ್ನಡಿಯ ಆಕಾರದ ಮೇಲೆ ಅನುಮಾನ ಪಡಬಹುದು. ಅದು ಸ್ಕ್ರೂವಿಗೆ ಬಗ್ಗುವ ಕಾಯಿಲೆಯಲ್ಲ. 1990ರಲ್ಲಿ ಹಾರಿದ ಬಾಹ್ಯಾಕಾಶ ಟೆಲಿಸ್ಕೋಪು ಹಬಲ್‌ಗೆ ಆದದ್ದು ಇದೇ. ಅದರ ಕನ್ನಡಿಯ ಅಂಚು ಸುಮಾರು 2 ಮೈಕ್ರೋಮೀಟರಿನಷ್ಟು ಜಾಸ್ತಿ ಚಪ್ಪಟೆಯಾಗಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಆ ದೋಷವನ್ನು ಸರಿದೂಗಿಸುವ ಉಪಕರಣಗಳನ್ನು ಕೂರಿಸಬೇಕಾಯಿತು. ಇನ್ನೊಂದು ಬಾಹ್ಯಾಕಾಶ ಟೆಲಿಸ್ಕೋಪು ಜೇಮ್ಸ್ ವೆಬ್‌ನ ಕಥೆ ಬೇರೆ, ಅಲ್ಲಿ ಆದದ್ದು ಅಪ್ಪಟ ಕೊಲಿಮೇಶನ್ನೇ. ಅದರ 6.5 ಮೀಟರ್ ಕನ್ನಡಿ 18 ತುಂಡುಗಳಲ್ಲಿದೆ. 2022ರ ಫೆಬ್ರವರಿಯಲ್ಲಿ ಅದನ್ನು ಸಪ್ತರ್ಷಿ ಮಂಡಲದ ಒಂದೇ ಒಂದು ನಕ್ಷತ್ರದ ಕಡೆ ತಿರುಗಿಸಿದಾಗ ಚಿತ್ರದಲ್ಲಿ ಕಂಡದ್ದು 18 ಮಸುಕು ಚುಕ್ಕಿಗಳು. ಪುಟ್ಟ ಮೋಟಾರುಗಳಿಂದ ಒಂದೊಂದೇ ತುಂಡನ್ನು ಜರುಗಿಸಿ ಅವನ್ನೆಲ್ಲ ಒಂದಾಗಿಸಿದರು. ಅವರು ನೋಡಿಕೊಂಡದ್ದೂ ನಕ್ಷತ್ರವನ್ನೇ, ನಮ್ಮ ಹಾಗೆ.

ನನ್ನ ಕನ್ನಡಿಗೆ ಬೇಕಾದದ್ದು ಒಂದು ಸ್ಕ್ರೂವಿನ ಕಾಲು ಸುತ್ತು. ಉಂಗುರಗಳು ಸರಿಹೋದ ಮೇಲೆ ಶನಿಯ ಕಡೆ ತಿರುಗಿಸಿದೆ. ಬಳೆಯ ಎರಡು ತುದಿಗಳಲ್ಲಿ ತೆಳ್ಳನೆಯ ಕಪ್ಪು ಗೆರೆ ನಿಂತಿತ್ತು, ಬಳೆಗಳ ನಡುವಿನ ಕ್ಯಾಸಿನಿ ಬಿರುಕು. ಅದರ ನಿಜವಾದ ಅಗಲ ಸುಮಾರು 4,800 ಕಿಲೋಮೀಟರ್. ಖುಷಿಯಲ್ಲಿ, ಕನ್ನಡಿಯನ್ನು ಅಲುಗದಂತೆ ಹಿಡಿಯುವ ಲಾಕ್ ಸ್ಕ್ರೂಗಳನ್ನು ಗಟ್ಟಿಯಾಗಿ ಬಿಗಿದೆ. ಕನ್ನಡಿ ಮತ್ತೆ ವಾಲಿತು, ಗೆರೆ ಮಾಯ.