‘ವಿಚಾರಣೆಗೆ’ ಎಂದು ಠಾಣೆಗೆ ಕರೆದೊಯ್ದರೆ ಅದು ಬಂಧನವೇ?

ಪ್ರಶ್ನೆ: ರಾತ್ರಿ ಪೊಲೀಸರು ಮನೆಗೆ ಬಂದು, ‘ಸ್ವಲ್ಪ ವಿಚಾರಣೆ ಇದೆ, ಬೆಳಿಗ್ಗೆ ಕಳಿಸುತ್ತೇವೆ’ ಎಂದು ತಮ್ಮನನ್ನು ಕರೆದೊಯ್ದರೆ ಅದು ಬಂಧನವೇ? ಮನೆಯವರು ಏನು ಕೇಳಬಹುದು? – ಬೆಂಗಳೂರಿನ ಓದುಗರೊಬ್ಬರು

ಉತ್ತರ: ಅದಕ್ಕೆ ಯಾವ ಹೆಸರಿಟ್ಟರೂ, ಮನೆಗೆ ಹೋಗುತ್ತೇನೆಂದು ನಿಮ್ಮ ತಮ್ಮ ಎದ್ದಾಗ ಹೋಗಲು ಬಿಡದಿದ್ದರೆ ಅದು ಬಂಧನವೇ. ಬಂಧನದ ಅಗತ್ಯವಿಲ್ಲದೆ ಹಾಜರಾತಿಯಷ್ಟೇ ಬೇಕಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ, ಬಂಧನ ಮತ್ತು ತನಿಖೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಂತೆ ಪೊಲೀಸರು ನೋಟಿಸ್ ಕೊಡಬೇಕು. ಹಾಗಾಗಿ ಬಾಗಿಲಲ್ಲೇ ನೋಟಿಸ್ ಕೇಳಿ.

ಬಂಧಿಸುವುದಾದರೆ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು, ಸ್ಥಳದಲ್ಲೇ ಅರೆಸ್ಟ್ ಮೆಮೊ (ಬಂಧನವನ್ನು ದಾಖಲಿಸುವ ಪತ್ರ) ಸಿದ್ಧವಾಗಬೇಕು, ಅದಕ್ಕೆ ಮನೆಯವರೊಬ್ಬರು ಅಥವಾ ಆ ಬಡಾವಣೆಯ ಗೌರವಾನ್ವಿತರೊಬ್ಬರು ಸಾಕ್ಷಿಯಾಗಿ ಸಹಿ ಮಾಡಬೇಕು, ಬಂಧಿತನ ಸಹಿಯೂ ಇರಬೇಕು. ಸಾಕ್ಷಿ ಸಹಿ ಹಾಕುವ ಮುನ್ನ ಅದರಲ್ಲಿ ಬರೆದ ಸಮಯವನ್ನು ಗಡಿಯಾರದೊಂದಿಗೆ ಹೋಲಿಸಿ ನೋಡಿ. ಇದು ಸಣ್ಣ ವಿಷಯವಲ್ಲ. ಏಕೆಂದರೆ ಸಂವಿಧಾನದ 22ನೇ ವಿಧಿಯಂತೆ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ರಾತ್ರಿ ಕರೆದೊಯ್ದು ಮರುದಿನ ಮಧ್ಯಾಹ್ನ ಬಂಧಿಸಿದೆವೆಂದು ಬರೆದರೆ ಆ ನಡುವಿನ ಗಂಟೆಗಳು ಕಾಗದದಲ್ಲಿ ಕಾಣೆಯಾಗುತ್ತವೆ. ಭಾನುವಾರವಾಗಿ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿಗೆ ರಜೆಯಿದ್ದರೂ ಈ ಗಡುವು ನಿಲ್ಲುವುದಿಲ್ಲ. ಆಗ ಮ್ಯಾಜಿಸ್ಟ್ರೇಟರ ನಿವಾಸಕ್ಕೇ ಕರೆದೊಯ್ಯುತ್ತಾರೆ.

ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿದೆ. ಹಲವು ರಾಜ್ಯಗಳ ಜನ ದುಡಿಯುವ ಬೆಂಗಳೂರಿನಲ್ಲಿ ಇದಕ್ಕೆ ಬಹಳ ತೂಕವಿದೆ: ಒಡಿಯಾ ಮಾತ್ರ ಬಲ್ಲ ಕಟ್ಟಡ ಕಾರ್ಮಿಕನಿಗೆ ಕನ್ನಡದಲ್ಲಿ ಕಾರಣ ಓದಿ ಹೇಳಿದರೆ ತಿಳಿಸಿದಂತಾಗುವುದಿಲ್ಲ. ಬಂಧನದ ಸುದ್ದಿಯನ್ನೂ ಬಂಧಿತನನ್ನು ಇರಿಸಿರುವ ಜಾಗವನ್ನೂ ಅವನು ಹೆಸರಿಸುವ ಬಂಧು ಅಥವಾ ಸ್ನೇಹಿತನಿಗೆ ಕೂಡಲೇ ತಿಳಿಸಬೇಕು. ಮಹಿಳೆಯನ್ನಾದರೆ, ಅಸಾಧಾರಣ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಅಧಿಕಾರಿ ಬರುವ ಹೊರತು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ.

ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ, ಆದರೆ ಉದ್ದಕ್ಕೂ ಅವರು ಪಕ್ಕದಲ್ಲಿರಬೇಕೆನ್ನುವ ಹಕ್ಕಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಸಂವಿಧಾನದ 20(3)ನೇ ವಿಧಿಯಂತೆ ಬಲವಂತ ಮಾಡುವಂತಿಲ್ಲ. ಖಾಲಿ ಹಾಳೆಗಂತೂ ನಿಮ್ಮ ತಮ್ಮ ಸಹಿ ಹಾಕಲೇಬಾರದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ.

ಬಂಧಿತನಿಗೆ ವೈದ್ಯಕೀಯ ಪರೀಕ್ಷೆ ಕಡ್ಡಾಯ. ಹೊಡೆತದ ಗಾಯವಿದ್ದರೆ ಅದನ್ನು ವೈದ್ಯರಿಗೂ ತೋರಿಸಬೇಕು, ಮ್ಯಾಜಿಸ್ಟ್ರೇಟರು ಕೇಳಲೆಂದು ಕಾಯದೆ ಅವರ ಮುಂದೆಯೂ ಬಾಯಿಬಿಟ್ಟು ಹೇಳಬೇಕು ಎಂಬುದನ್ನು ನಿಮ್ಮ ತಮ್ಮನಿಗೆ ಮೊದಲ ಭೇಟಿಯಲ್ಲೇ ತಿಳಿಸಿ.