ಲೇಬಲ್‌ನಲ್ಲಿ 24, ಹೆದ್ದಾರಿಯಲ್ಲಿ 18: ದೊಡ್ಡ ಪಿಕಪ್‌ನ ಮೈಲೇಜ್ ಎಲ್ಲಿ ಹೋಗುತ್ತದೆ?

ಅಮೆರಿಕದಲ್ಲಿ ದೊಡ್ಡ ಪಿಕಪ್ ಟ್ರಕ್ ಕೊಂಡ ಕನ್ನಡಿಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಲೇಬಲ್‌ನಲ್ಲಿ ಹೈವೇ 24 ಅಂತ ಇತ್ತು. ನನಗೆ 18 ದಾಟ್ತಾನೇ ಇಲ್ಲ. ಗಾಡೀಲಿ ಏನೋ ತೊಂದರೆ ಇದೆ ಅಲ್ವಾ?" ಸಾಮಾನ್ಯವಾಗಿ ಗಾಡಿಯಲ್ಲಿ ಏನೂ ತೊಂದರೆ ಇರುವುದಿಲ್ಲ. ಲೇಬಲ್, ಅಂದರೆ ಹೊಸ ಗಾಡಿಯ ಕಿಟಕಿಗೆ ಅಂಟಿಸಿರುವ ಮೈಲೇಜ್ ಚೀಟಿ, ಕೂಡ ಸುಳ್ಳು ಹೇಳಿರುವುದಿಲ್ಲ. ಲೇಬಲ್ ಅಳೆದ ಪ್ರಯಾಣವೇ ಬೇರೆ, ನೀವು ಮಾಡುವ ಪ್ರಯಾಣವೇ ಬೇರೆ. ಸಣ್ಣ ಕಾರಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಪಿಕಪ್‌ನಲ್ಲಿ ಜೇಬಿಗೆ ತಾಗುತ್ತದೆ.

ನಾನು ಮಿಶಿಗನ್‌ನಲ್ಲಿ ಪಿಕಪ್ ಎಂಜಿನ್‌ಗಳ ಕ್ಯಾಲಿಬ್ರೇಶನ್ ಮಾಡುವವನು. ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹಚ್ಚಬೇಕು, ಯಾವಾಗ ಗೇರ್ ಬದಲಿಸಬೇಕು ಅಂತ ಎಂಜಿನ್ ಕಂಪ್ಯೂಟರ್‌ಗೆ ಹೇಳಿಕೊಡುವುದು ನನ್ನ ಕೆಲಸ. ಇಷ್ಟು ವರ್ಷ ಇದನ್ನೇ ಮಾಡಿದ ಮೇಲೂ ನಾನು ಹೇಳುವುದು ಇಷ್ಟೇ: ಹೆದ್ದಾರಿಯಲ್ಲಿ ಪಿಕಪ್‌ನ ಮೈಲೇಜನ್ನು ತೀರ್ಮಾನಿಸುವುದು ಎಂಜಿನ್‌ಗಿಂತ ಜಾಸ್ತಿ ಗಾಳಿ.

ಊರಿನ ಓದುಗರಿಗೆ ಒಂದು ಮಾತು. ಇಲ್ಲಿನ ಲೆಕ್ಕ ಎಂಪಿಜಿ, ಒಂದು ಗ್ಯಾಲನ್‌ಗೆ ಎಷ್ಟು ಮೈಲಿ ಅಂತ. ಅದನ್ನು 0.425ರಿಂದ ಗುಣಿಸಿದರೆ ಲೀಟರ್‌ಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. 20 ಎಂಪಿಜಿ ಅಂದರೆ ಲೀಟರ್‌ಗೆ 8.5 ಕಿ.ಮೀ. ಇಲ್ಲಿ ಮಾತಾಡುತ್ತಿರುವುದು ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ 1500, ರ್‍ಯಾಮ್ 1500, ಟೊಯೋಟ ಟಂಡ್ರಾ ಇಂಥ ಗಾಡಿಗಳ ಬಗ್ಗೆ. ಭಾರತದಲ್ಲಿ ಸಿಗುವ ಹೈಲಕ್ಸ್, ವಿ-ಕ್ರಾಸ್ ಇವುಗಳ ಮುಂದೆ ಚಿಕ್ಕವು.

ಮೊದಲು ಲೇಬಲ್ ಹೇಗೆ ಹುಟ್ಟುತ್ತದೆ ನೋಡೋಣ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ವಾಹನ ಪ್ರಯೋಗಾಲಯ ಇರುವುದು ಮಿಶಿಗನ್‌ನ ಆ್ಯನ್ ಆರ್ಬರ್‌ನಲ್ಲಿ. ಹೆಚ್ಚಿನ ಪರೀಕ್ಷೆಗಳನ್ನು ಕಂಪನಿಗಳೇ ಮಾಡುತ್ತವೆ. ಅವುಗಳಲ್ಲಿ ಕೆಲವನ್ನು ಇಪಿಎ ತಾನೇ ಮತ್ತೆ ಮಾಡಿ ನೋಡುತ್ತದೆ. ಟ್ರಕ್ಕನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಹಾಗಾದರೆ ರಸ್ತೆಯ ಮೇಲಿನ ಗಾಳಿಯ ತಡೆ ಎಲ್ಲಿಂದ ಬರಬೇಕು? ಅದಕ್ಕೆ ಮೊದಲೇ ಟ್ರಕ್ಕನ್ನು ಟ್ರ್ಯಾಕ್‌ನಲ್ಲಿ ವೇಗವಾಗಿ ಓಡಿಸಿ, ನ್ಯೂಟ್ರಲ್‌ಗೆ ಹಾಕಿ, ತಾನಾಗಿ ನಿಧಾನವಾಗಲು ಬಿಡುತ್ತಾರೆ. ಎಷ್ಟು ಬೇಗ ನಿಧಾನವಾಯಿತು ಅನ್ನುವುದರಿಂದ ಒಟ್ಟು ತಡೆಯ ಲೆಕ್ಕ ತೆಗೆದು ರೋಲರ್‌ಗೆ ಕೊಡುತ್ತಾರೆ. ಈ ಒಂದು ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪು. 2012ರಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ ತಮ್ಮ ಹಲವು ಕಾರುಗಳ ಲೇಬಲ್ ಅಂಕಿಯನ್ನು ಇಳಿಸಬೇಕಾಗಿ ಬಂದದ್ದು ಇಲ್ಲಿ ಆದ ತಪ್ಪಿನಿಂದಲೇ.

ಹಳೆಯ ಹೈವೇ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ ಸುಮಾರು 48 ಮೈಲಿ. ಎಲ್ಲಕ್ಕಿಂತ ಜಾಸ್ತಿ ವೇಗ 60. ಅದು 1970ರ ದಶಕದಲ್ಲಿ, ದೇಶವಿಡೀ 55ರ ಮಿತಿ ಇದ್ದ ಕಾಲದಲ್ಲಿ ರೂಪುಗೊಂಡದ್ದು. 2008ರ ಮಾದರಿಗಳಿಂದ ಇಪಿಎ ಇನ್ನೂ ಮೂರು ಪರೀಕ್ಷೆ ಸೇರಿಸಿತು. ಗಂಟೆಗೆ 80 ಮೈಲಿ ವೇಗದವರೆಗೆ ಹೋಗುವ ಜೋರಿನ ಓಟ ಒಂದು, ಎಸಿ ಹಾಕಿ ಬಿಸಿಲಿನ ಓಟ ಒಂದು, ಸೊನ್ನೆಗಿಂತ 7 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯ ಓಟ ಒಂದು. ಇದರಿಂದ ಅಂಕಿ ನಿಜಕ್ಕೆ ಎಷ್ಟೋ ಹತ್ತಿರ ಬಂತು. ಆದರೂ ಅದು ಎಲ್ಲ ಬಗೆಯ ಓಟಗಳನ್ನು ಬೆರೆಸಿದ ಸರಾಸರಿ. ಕ್ರೂಸ್ ಕಂಟ್ರೋಲ್ 78ಕ್ಕೆ ಇಟ್ಟು ನಾಲ್ಕು ಗಂಟೆ ಬಿಡದೆ ಹೋಗುವ ಓಟ ಅದರಲ್ಲಿ ಇಲ್ಲ.

ಈಗ ಗಾಳಿಯ ಮಾತು. ಗಾಳಿಯ ತಡೆ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. 55ರಿಂದ 75 ಮೈಲಿಗೆ ಹೋದರೆ ವೇಗ ಹೆಚ್ಚಿದ್ದು 36 ಶೇಕಡಾ, ಗಾಳಿಯ ತಡೆ ಹೆಚ್ಚಿದ್ದು 86 ಶೇಕಡಾ. ಇದು ಎಲ್ಲ ವಾಹನಕ್ಕೂ ಒಂದೇ. ಆದರೆ ಪಿಕಪ್‌ನ ಮುಖ ದೊಡ್ಡದು, ನೆಲದಿಂದ ಎತ್ತರ, ಹಿಂದೆ ತೆರೆದ ತೊಟ್ಟಿ. ಒಂದು ಸೆಡಾನ್‌ನ ಹತ್ತಿರ ಹತ್ತಿರ ಎರಡರಷ್ಟು ಗಾಳಿಯ ತಡೆ ಅದಕ್ಕೆ ಇರುತ್ತದೆ. 75ರಲ್ಲಿ ಸಮತಟ್ಟು ರಸ್ತೆಯ ಮೇಲೆ ಹೋಗುವಾಗ ಟ್ರಕ್ ಎದುರಿಸುವ ತಡೆಯಲ್ಲಿ ಮುಕ್ಕಾಲು ಪಾಲು ಗಾಳಿಯದೇ. ಟೈರ್ ಉರುಳುವುದಕ್ಕೆ ಹೋಗುವುದು ಉಳಿದ ಪಾಲು. ಹಾಗಾಗಿ 60ರಲ್ಲಿ 24 ಕೊಡುವ ಟ್ರಕ್ 75ರಲ್ಲಿ 19ಕ್ಕೋ 20ಕ್ಕೋ ಇಳಿಯುವುದನ್ನು ನಾನು ಮಾಮೂಲಿಯಾಗಿ ನೋಡುತ್ತೇನೆ. ಟೆಕ್ಸಸ್‌ನಲ್ಲಿ ಆಸ್ಟಿನ್‌ನ ದಕ್ಷಿಣಕ್ಕೆ ಹೋಗುವ 130ನೇ ಟೋಲ್ ರಸ್ತೆಯಲ್ಲಿ 85 ಮೈಲಿಯ ಮಿತಿ ಇದೆ, ಅಮೆರಿಕದಲ್ಲೇ ಅತಿ ಜಾಸ್ತಿ. ಆ ರಸ್ತೆಯಲ್ಲಿ ಮಿತಿಯಷ್ಟೇ ವೇಗದಲ್ಲಿ ಹೋದರೂ ಲೇಬಲ್‌ನ ಅಂಕಿ ಮರೆತುಬಿಡಬೇಕು.

ಎದುರುಗಾಳಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ಯಾನ್ಸಸ್, ಒಕ್ಲಹೋಮಾ ಕಡೆ ಗಂಟೆಗೆ 15 ಮೈಲಿಯ ಗಾಳಿ ಅಂದರೆ ಸಾಧಾರಣ ದಿನ. ನೀವು 70ರಲ್ಲಿ ಹೋಗುತ್ತಿದ್ದರೆ ಟ್ರಕ್‌ಗೆ ಅದು 85ರ ಗಾಳಿ. ತಡೆ 47 ಶೇಕಡಾ ಜಾಸ್ತಿ. ಮಳೆಗಾಲದ ಹೊಳೆಯಲ್ಲಿ ನೀರಿಗೆ ಎದುರಾಗಿ ನಡೆದ ಹಾಗೆ. ಹೋಗುವಾಗ 16, ಬರುವಾಗ 21 ಬಂತು ಅಂತ ಗಾಬರಿಯಾಗಿ ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು ಗಾಳಿ ಯಾವ ದಿಕ್ಕಿಗಿತ್ತು ಅಂತ. ಡೆನ್ವರ್ ಸುತ್ತಮುತ್ತ ಇದರ ಉಲ್ಟಾ ಅನುಭವ ಆಗುತ್ತದೆ. ಅಲ್ಲಿ ಎತ್ತರದಿಂದಾಗಿ ಗಾಳಿಯೇ ತೆಳು, ತಡೆಯೂ ಕಡಿಮೆ.

ಹಾಗಾದರೆ ಎಂಜಿನ್ ಆಯ್ಕೆಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ನಿಮ್ಮ ಬಳಕೆಯ ಮೇಲೆ ನಿಂತಿದೆ. ಚಿಕ್ಕ ಟರ್ಬೊ ಎಂಜಿನ್, ಅಂದರೆ ಹೊಗೆಯ ಬಲದಿಂದ ತಿರುಗುವ ಟರ್ಬೈನ್ ಮೂಲಕ ಹೆಚ್ಚು ಗಾಳಿ ಒತ್ತಿ ತುಂಬಿಸಿಕೊಳ್ಳುವ ಎಂಜಿನ್, ಹಗುರವಾಗಿ ಓಡಿಸಿದಾಗ ನಿಜಕ್ಕೂ ಉಳಿಸುತ್ತದೆ. 2021ರ ಎಫ್-150ಯಲ್ಲಿ 2.7 ಲೀಟರ್ ಟರ್ಬೊ, ನಾಲ್ಕು ಚಕ್ರ ಚಾಲನೆಯ ಟ್ರಕ್‌ಗೆ ಲೇಬಲ್ ಅಂಕಿ ಸಿಟಿ 19, ಹೈವೇ 24. ಅದೇ ಟ್ರಕ್‌ನ 5 ಲೀಟರ್ ವಿ8ಗೆ (ಟರ್ಬೊ ಇಲ್ಲದ, ಎಂಟು ಸಿಲಿಂಡರ್‌ನ ದೊಡ್ಡ ಎಂಜಿನ್) 16 ಮತ್ತು 22. ಆದರೆ ಟರ್ಬೊವನ್ನು ಜೋರಾಗಿ ದುಡಿಸಿದರೆ ಅದು ಸಣ್ಣ ಎಂಜಿನ್ ಆಗಿ ಉಳಿಯುವುದಿಲ್ಲ. ಒಳಗೆ ಒತ್ತಿ ತುಂಬಿದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೇಕೇ ಬೇಕು. ನಾಕಿಂಗ್ ಆಗದಂತೆ, ಅಂದರೆ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಎಂಜಿನ್ ಬಡಿಯದಂತೆ, ಕಿಡಿಯನ್ನು ತಡವಾಗಿ ಹಚ್ಚಬೇಕಾಗುತ್ತದೆ. ತುಂಬಾ ಭಾರ ಬಿದ್ದಾಗ ಟರ್ಬೈನ್ ಕಾಯದಂತೆ ತಂಪು ಮಾಡಲು ಹಲವು ಎಂಜಿನ್‌ಗಳಲ್ಲಿ ಹೆಚ್ಚುವರಿ ಪೆಟ್ರೋಲ್ ಬಿಡುತ್ತೇವೆ. ಆ ಪೆಟ್ರೋಲ್‌ನಿಂದ ಒಂದು ಮೈಲಿಯೂ ಮುಂದೆ ಹೋಗುವುದಿಲ್ಲ, ಅದು ಎಂಜಿನ್ ಉಳಿಸಲು ಮಾತ್ರ. ಟ್ರೇಲರ್ ಎಳೆಯುವಾಗ ಟರ್ಬೊ ಮತ್ತು ವಿ8 ನಡುವಿನ ಅಂತರ ಕರಗಿಹೋಗುವುದು ಇದಕ್ಕೇ.

ಹೈಬ್ರಿಡ್ ಬಗ್ಗೆ ಜನರ ನಿರೀಕ್ಷೆ ಸ್ವಲ್ಪ ತಪ್ಪು ದಾರಿ ಹಿಡಿದಿದೆ. 2021ರ ಎಫ್-150 ಹೈಬ್ರಿಡ್, ನಾಲ್ಕು ಚಕ್ರ ಚಾಲನೆಯದು, ಸಿಟಿಯಲ್ಲಿ 24, ಹೈವೇಯಲ್ಲೂ 24. ಲಾಭವೆಲ್ಲ ಸಿಟಿಯಲ್ಲಿ ಸಿಕ್ಕಿದೆ, ಯಾಕೆಂದರೆ ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಬ್ರೇಕ್ ಹಾಕುವುದೇ ಅಪರೂಪ, ಹಿಡಿಯಲು ಏನೂ ಇಲ್ಲ. ದಿನವೂ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವವರು ಕಣ್ಣುಮುಚ್ಚಿ ಹೈಬ್ರಿಡ್ ತಗೊಳ್ಳಿ. ಹೆದ್ದಾರಿಯಲ್ಲೇ ಜಾಸ್ತಿ ಓಡುವವರಿಗೆ, ಭಾರ ಎಳೆಯುವವರಿಗೆ ಡೀಸೆಲ್ ಚೆನ್ನ. 2020ರ ಸಿಲ್ವರಾಡೊ 3 ಲೀಟರ್ ಡೀಸೆಲ್, ಎರಡು ಚಕ್ರ ಚಾಲನೆಯದು, ಲೇಬಲ್‌ನಲ್ಲಿ ಹೈವೇ 33 ಪಡೆದಿತ್ತು. ಫೋರ್ಡ್ ಮತ್ತು ರ್‍ಯಾಮ್ ಈ ವರ್ಗದಲ್ಲಿ ಡೀಸೆಲ್ ನಿಲ್ಲಿಸಿಬಿಟ್ಟದ್ದು ನನಗೆ ಇವತ್ತಿಗೂ ಬೇಸರ. ಒಂದು ಮಾತು ನೆನಪಿರಲಿ: ಇಲ್ಲಿ ಡೀಸೆಲ್ ಗ್ಯಾಲನ್‌ಗೆ ಸಾಮಾನ್ಯವಾಗಿ ಪೆಟ್ರೋಲ್‌ಗಿಂತ ದುಬಾರಿ. ಮೈಲೇಜ್ ಮಾತ್ರ ನೋಡಬೇಡಿ, ಮೈಲಿಗೆ ಎಷ್ಟು ದುಡ್ಡು ಅಂತ ನೋಡಿ.

ಟ್ರೇಲರ್ ವಿಷಯದಲ್ಲಿ ಎಲ್ಲರೂ ತೂಕದ ಬಗ್ಗೆಯೇ ಯೋಚಿಸುತ್ತಾರೆ. ತೂಕ ಮುಖ್ಯವಾಗುವುದು ಏರು ಹತ್ತುವಾಗ, ಬ್ರೇಕ್ ಹಾಕುವಾಗ, ಸಿಗ್ನಲ್‌ನಿಂದ ಹೊರಡುವಾಗ. ಸಮತಟ್ಟು ಹೆದ್ದಾರಿಯಲ್ಲಿ ಪೆಟ್ರೋಲ್ ಕುಡಿಯುವುದು ಟ್ರೇಲರ್‌ನ ಮುಖ. ಮಲಗುವ ವ್ಯವಸ್ಥೆ ಇರುವ ಟ್ರಾವೆಲ್ ಟ್ರೇಲರ್ 8 ಅಡಿ ಅಗಲ, 10 ಅಡಿಗೂ ಮೀರಿದ ಎತ್ತರ. ಟ್ರಕ್‌ನ ಮುಖಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದನ್ನು ಕಟ್ಟಿಕೊಂಡು ಹೊರಟರೆ ಪೆಟ್ರೋಲ್ ಪಿಕಪ್‌ನ ಮೈಲೇಜ್ ಅರ್ಧಕ್ಕೆ ಇಳಿದು 8ರಿಂದ 11ರ ನಡುವೆ ನಿಲ್ಲುವುದು ಸಹಜ. ಅಷ್ಟೇ ತೂಕದ ದೋಣಿಯನ್ನು ಎಳೆದರೆ ಇದಕ್ಕಿಂತ ಎಷ್ಟೋ ವಾಸಿ, ಯಾಕೆಂದರೆ ದೋಣಿ ತಗ್ಗು, ಅದರ ಮೂಗು ಚೂಪು. ಕಂಪನಿ ಹೇಳುವ ಎಳೆಯುವ ಸಾಮರ್ಥ್ಯದ ಅಂಕಿಗೂ ಮೈಲೇಜ್‌ಗೂ ಸಂಬಂಧವೇ ಇಲ್ಲ.

ಇದರಿಂದ ಕೈಗೆ ಬರುವ ಕಷ್ಟ ಪ್ರಯಾಣದ ದೂರದ್ದು. 23 ಗ್ಯಾಲನ್ ಟ್ಯಾಂಕ್, 9 ಎಂಪಿಜಿ ಅಂದರೆ ಪೂರ್ತಿ ಖಾಲಿಯಾಗುವಷ್ಟರಲ್ಲಿ 207 ಮೈಲಿ. ಪಶ್ಚಿಮದ ರಾಜ್ಯಗಳಲ್ಲಿ ಬಂಕ್‌ಗಳ ನಡುವೆ ಅಂತರ ಜಾಸ್ತಿ, ಹಾಗಾಗಿ 150 ಮೈಲಿಗೇ ತುಂಬಿಸಿಕೊಳ್ಳಿ ಅನ್ನುತ್ತೇನೆ. ಟ್ರೇಲರ್ ಎಳೆಯುವ ಆಲೋಚನೆ ಇದ್ದರೆ ದೊಡ್ಡ ಟ್ಯಾಂಕ್ ಇರುವ ಟ್ರಕ್ ಆರಿಸಿ. ಮತ್ತೆ 62–65ರಲ್ಲಿ ಹೋಗಿ. ಟ್ರೇಲರ್‌ನ ಎಷ್ಟೋ ಟೈರ್‌ಗಳಿಗೆ ಗಂಟೆಗೆ 65 ಮೈಲಿ ವೇಗವೇ ಮಿತಿ, ಹಾಗಾಗಿ ಇದು ಬರೀ ಉಳಿತಾಯದ ಮಾತಲ್ಲ, ಜೀವದ ಮಾತು.

ಚಳಿಗಾಲದಲ್ಲಿ ಮಿಶಿಗನ್, ಮಿನೆಸೋಟದವರಿಗೆ ಇನ್ನೊಂದು ಹೊಡೆತ. ಎಂಜಿನ್ ಆಯಿಲ್, ಗೇರ್ ಆಯಿಲ್, ಆಕ್ಸಲ್ ಆಯಿಲ್ ಎಲ್ಲ ಗಟ್ಟಿಯಾಗಿರುತ್ತದೆ. ತಣ್ಣನೆಯ ಗಾಳಿ ಸಾಂದ್ರವಾದ್ದರಿಂದ ತಡೆಯೂ ಏರುತ್ತದೆ. ಮೂರು ಮೈಲಿ ದೂರದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇದ್ಯಾವುದೂ ಬಿಸಿಯಾಗಿರುವುದಿಲ್ಲ. ಜೊತೆಗೆ ರಿಮೋಟ್ ಸ್ಟಾರ್ಟ್ ಮಾಡಿ ಸುಮ್ನೆ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಆ ಹೊತ್ತಿನ ಮೈಲೇಜ್ ಸೊನ್ನೆ.

ಹಿಂದಿನ ಬಾಗಿಲು, ಅಂದರೆ ಟೇಲ್‌ಗೇಟ್, ಇಳಿಸಿ ಓಡಿಸಿದರೆ ಉಳಿತಾಯ ಅನ್ನುವ ನಂಬಿಕೆ ಬಿಟ್ಟುಬಿಡಿ. ಮುಚ್ಚಿದ್ದರೆ ತೊಟ್ಟಿಯೊಳಗೆ ಗಾಳಿ ಒಂದು ಸುಳಿಯಾಗಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿಹೋಗುತ್ತದೆ. ಇಳಿಸಿದರೆ ಆ ಸುಳಿ ಒಡೆದು ತಡೆ ಸಾಮಾನ್ಯವಾಗಿ ಹೆಚ್ಚುತ್ತದೆ.

ಟೈರ್ ದೊಡ್ಡದು ಮಾಡಿಸಿದವರು ಲೆಕ್ಕವನ್ನೂ ತಿದ್ದಬೇಕು. 32 ಇಂಚಿನ ಜಾಗದಲ್ಲಿ 35 ಇಂಚು ಹಾಕಿದರೆ ಚಕ್ರ ಒಂದು ಸುತ್ತಿಗೆ 9 ಶೇಕಡಾ ಜಾಸ್ತಿ ದೂರ ಹೋಗುತ್ತದೆ. ಕಂಪ್ಯೂಟರ್‌ಗೆ ಅದನ್ನು ತಿಳಿಸದಿದ್ದರೆ ಮೀಟರ್ ಕಡಿಮೆ ಮೈಲಿ ತೋರಿಸುತ್ತದೆ. ಆಗ ಮೈಲೇಜ್ ನಿಜವಾಗಿ ಇಳಿದದ್ದಕ್ಕಿಂತ ಜಾಸ್ತಿ ಇಳಿದಂತೆ ಕಾಣುತ್ತದೆ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನೂ ಪೂರ್ತಿ ನಂಬಬೇಡಿ, ಅದು ಒಂದು ಅಂದಾಜು. ಪಂಪ್ ತಾನಾಗಿ ನಿಂತ ಕ್ಷಣಕ್ಕೆ ನಿಲ್ಲಿಸಿ, ಮೈಲಿ ಬರೆದಿಡಿ, ಮುಂದಿನ ಸಲವೂ ಹಾಗೇ ಮಾಡಿ, ನಡುವೆ ಓಡಿದ ಮೈಲಿಯನ್ನು ಆಗ ತುಂಬಿಸಿದ ಗ್ಯಾಲನ್‌ನಿಂದ ಭಾಗಿಸಿ. ಒಂದು ಟ್ಯಾಂಕ್‌ನ ಲೆಕ್ಕ ಏನೂ ಹೇಳುವುದಿಲ್ಲ. ಐದಾರು ಟ್ಯಾಂಕ್ ಕೂಡಿಸಿ ನೋಡಿ.

ಕೊಳ್ಳುವ ಮುಂಚೆ ಲೇಬಲ್‌ನಲ್ಲಿ ಸಣ್ಣ ಅಕ್ಷರದಲ್ಲಿರುವ ಇನ್ನೊಂದು ಅಂಕಿ ಹುಡುಕಿ: 100 ಮೈಲಿಗೆ ಎಷ್ಟು ಗ್ಯಾಲನ್. 2013ರ ಮಾದರಿಗಳಿಂದ ಅದು ಕಡ್ಡಾಯ. ವರ್ಷಕ್ಕೆ 15,000 ಮೈಲಿ ಓಡಿಸುವವರಿಗೆ 17ರಿಂದ 20 ಎಂಪಿಜಿಗೆ ಹೋದರೆ 132 ಗ್ಯಾಲನ್ ಉಳಿಯುತ್ತದೆ. ಕಾರಿನಲ್ಲಿ 25ರಿಂದ 30ಕ್ಕೆ ಹೋದರೆ ಉಳಿಯುವುದು 100 ಮಾತ್ರ. ಪಿಕಪ್‌ನಲ್ಲಿ ಮೂರೇ ಎಂಪಿಜಿ ಅಂತ ಅಸಡ್ಡೆ ಮಾಡುವಂತಿಲ್ಲ.

ಇನ್ನು ಎಫ್-250, ಸಿಲ್ವರಾಡೊ 2500, ರ್‍ಯಾಮ್ 2500 ಇಂಥ ಭಾರೀ ಪಿಕಪ್ ಕಡೆ ಕಣ್ಣು ಹಾಕಿದವರಿಗೆ ಈ ಲೇಬಲ್ಲೇ ಸಿಗುವುದಿಲ್ಲ. ಹೊರೆ ಸೇರಿಸಿ 8,500 ಪೌಂಡ್ ದಾಟುವ ಪಿಕಪ್‌ಗಳಿಗೆ ಮೈಲೇಜ್ ಲೇಬಲ್ ಬೇಕಿಲ್ಲ ಅನ್ನುವುದು ನಿಯಮ. ಅಂಥದ್ದನ್ನು ಕೊಳ್ಳುವ ಮುಂಚೆ ಅದೇ ಎಂಜಿನ್, ಅದೇ ಆಕ್ಸಲ್ ಅನುಪಾತದ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸ್‌ನಿಂದ ಬರುವ ದಂಡ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) ಟ್ರಕ್ ಇಟ್ಟುಕೊಂಡವರನ್ನು ಹುಡುಕಿ. ಎಷ್ಟು ಕೊಡುತ್ತದೆ ಅಂತಷ್ಟೇ ಕೇಳಬೇಡಿ. ಎಷ್ಟು ವೇಗದಲ್ಲಿ, ಏನು ಎಳೆದುಕೊಂಡು, ಯಾವ ಟೈರ್ ಹಾಕಿಕೊಂಡು ಅಂತಲೂ ಕೇಳಿ.