ಅಂಗಡಿ ಕೊಳ್ಳಲು ವಕೀಲರು ಬೇಕೇ, ನೋಟರಿ ಮಾಡಿಸಿದ ಕರಾರು ಸಾಲದೇ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ನಡೆಯುತ್ತಿರುವ ದಿನಸಿ ಅಂಗಡಿಯೊಂದನ್ನು ಸರಕು, ಹೆಸರು ಎಲ್ಲ ಸೇರಿಸಿ ಕೊಳ್ಳುತ್ತಿದ್ದೇನೆ. ಛಾಪಾ ಕಾಗದದಲ್ಲಿ ಕರಾರು ಬರೆದು ನೋಟರಿ ಮಾಡಿಸಿದರೆ ಸಾಲದೇ? ವಕೀಲರಿಗೆ ಬೇರೆ ಹಣ ಏಕೆ ಕೊಡಬೇಕು?

ಸಾಲದು. ಉಪ್ಪಳ, ಬದಿಯಡ್ಕ, ಮುಳ್ಳೇರಿಯ ಎಂದು ಊರಿನ ಹೆಸರಷ್ಟೇ ಬದಲಾಗಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಹೆಚ್ಚಿನವರು ಕೇಳುವುದು ಮುಂಗಡ ಕೊಟ್ಟ ಮೇಲೆ. ಮುಂಗಡ ಕೊಡುವ ಮೊದಲು ಕೇಳಿ ಎಂದು ಇನ್ನೆಷ್ಟು ಸಲ ಹೇಳಬೇಕೋ ತಿಳಿಯದು.

ಕೊಳ್ಳುವವರಿಗೆ ಇಷ್ಟು ಧೈರ್ಯ ಬರುವುದು ಕರಾರಿನ ಒಂದೇ ಒಂದು ವಾಕ್ಯದಿಂದ: "ಈ ತಾರೀಖಿನವರೆಗಿನ ಸಕಲ ಬಾಕಿ, ತೆರಿಗೆ, ದಂಡಗಳಿಗೆ ಒಂದನೇ ಪಕ್ಷದವರೇ ಬಾಧ್ಯಸ್ಥರು, ಎರಡನೇ ಪಕ್ಷದವರಿಗೆ ಯಾವ ಸಂಬಂಧವೂ ಇರುವುದಿಲ್ಲ." ಇದನ್ನು ಓದಿದ ಮೇಲೆ ಹಳೆಯ ಬಾಕಿ ತಮ್ಮ ತಲೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬುತ್ತಾರೆ. ಈ ನಂಬಿಕೆ ತಪ್ಪು. ಆ ವಾಕ್ಯ ಕಟ್ಟಿಹಾಕುವುದು ಸಹಿ ಹಾಕಿದ ಇಬ್ಬರನ್ನು ಮಾತ್ರ. ತೆರಿಗೆ ಇಲಾಖೆ ಅದಕ್ಕೆ ಸಹಿ ಹಾಕಿಲ್ಲ.

2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಮು ಓದಿ ನೋಡಿ. ವ್ಯಾಪಾರವನ್ನು ಪೂರ್ತಿಯಾಗಿಯೋ ಭಾಗಶಃವೋ ಮಾರಿದರೂ ದಾನ ಕೊಟ್ಟರೂ ಬಾಡಿಗೆಗೆ ಬಿಟ್ಟರೂ, ಹಸ್ತಾಂತರದ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಕೊಟ್ಟವರೂ ಪಡೆದವರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ. ಅಂದರೆ ಪೂರ್ತಿ ಮೊತ್ತವನ್ನು ನಿಮ್ಮೊಬ್ಬರಿಂದಲೇ ವಸೂಲು ಮಾಡಬಹುದು. ಕೊಳ್ಳುವ ದಿನ ಯಾವ ನೋಟಿಸೂ ಇರಲಿಲ್ಲ ಎಂಬ ವಾದವೂ ನಡೆಯುವುದಿಲ್ಲ. ಹಸ್ತಾಂತರದ ನಂತರ ನಿರ್ಧಾರವಾದ ಹಳೆಯ ತೆರಿಗೆಯೂ ಈ ಕಲಮಿನೊಳಗೇ ಬರುತ್ತದೆ. 2024-25ರಿಂದ ಮುಂದಿನ ವರ್ಷಗಳ ಲೆಕ್ಕಕ್ಕೆ ನೋಟಿಸು ಕಳುಹಿಸಲು ಇಲಾಖೆಗೆ ವಾರ್ಷಿಕ ರಿಟರ್ನ್ (ವರ್ಷದ ತೆರಿಗೆ ಲೆಕ್ಕದ ವಿವರ) ಸಲ್ಲಿಸುವ ಕೊನೆಯ ದಿನದಿಂದ 42 ತಿಂಗಳ ಕಾಲಾವಕಾಶವಿದೆ. ಅಷ್ಟರೊಳಗೆ ಮಾರಿದವರು ಗಲ್ಫಿಗೆ ಹೋಗಿರುತ್ತಾರೆ, ನೀವು ಅದೇ ಅಂಗಡಿಯಲ್ಲಿ ಕೂತಿರುತ್ತೀರಿ.

ನೋಟರಿಯ ಮೊಹರು ಇದೆಯಲ್ಲ ಎನ್ನುತ್ತೀರಿ. ನೋಟರಿ ದೃಢೀಕರಿಸುವುದು ಸಹಿಯನ್ನು, ಅಂಗಡಿಯ ಲೆಕ್ಕವನ್ನಲ್ಲ. ಊರಿನ ಗಣ್ಯರಿಬ್ಬರು ಸಾಕ್ಷಿ ಹಾಕಿದ್ದರೂ ಅಷ್ಟೇ.

ಹಾಗೆಂದು ಆ ವಾಕ್ಯ ವ್ಯರ್ಥವಲ್ಲ. ನೀವು ಕಟ್ಟಿದ ಹಣವನ್ನು ಮಾರಿದವರಿಂದ ವಾಪಸು ಕೇಳುವ ಹಕ್ಕನ್ನು ಅದು ಕೊಡುತ್ತದೆ. ಆದರೆ ದಾವೆ ಹೂಡಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವುದಕ್ಕಿಂತ ಬೆಲೆಯ ಒಂದು ಭಾಗವನ್ನು ಕೈಯಲ್ಲೇ ಉಳಿಸಿಕೊಂಡು, ಬಾಕಿ ಇಲ್ಲವೆಂದು ಖಚಿತವಾದ ಮೇಲೆ ಕೊಡುವುದು ಲೇಸು. ಎಷ್ಟು ಉಳಿಸಿಕೊಳ್ಳಬೇಕು, ಎಷ್ಟು ದಿನ, ಯಾವ ಷರತ್ತಿನ ಮೇಲೆ ಎಂದು ಬರೆಯುವುದೇ ವಕೀಲರ ಕೆಲಸ. ರಿಟರ್ನ್ ಸಲ್ಲಿಕೆಯ ಸ್ಥಿತಿಯನ್ನು ಮಾರುವವರ ಜಿಎಸ್‌ಟಿ ಸಂಖ್ಯೆ ಹಾಕಿ ಇಲಾಖೆಯ ಜಾಲತಾಣದಲ್ಲಿ ನೀವೇ ನೋಡಬಹುದು. ಆದರೆ ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದಾಗದು; ಅದನ್ನು ಲೆಕ್ಕಪರಿಶೋಧಕರಿಗೆ ತೋರಿಸಿ.

ಮಾರುವವರಿಗೂ ಒಂದು ಮಾತು. "ಸ್ವಲ್ಪ ದಿನ ನಿಮ್ಮ ಜಿಎಸ್‌ಟಿ ಸಂಖ್ಯೆಯಲ್ಲೇ ನಡೆಸುತ್ತೇನೆ" ಎಂದು ಕೊಂಡವರು ಕೇಳಿದರೆ ಒಪ್ಪಬೇಡಿ. ನೋಂದಣಿ ನಿಮ್ಮ ಪ್ಯಾನ್‌ಗೆ ಅಂಟಿಕೊಂಡದ್ದು. ಕೊಂಡವರು ಹೊಸ ನೋಂದಣಿ ಮಾಡಿಸಲಿ, ನೀವು ನಿಮ್ಮದನ್ನು ರದ್ದುಮಾಡಿಸಿ. ಆಹಾರ ಸುರಕ್ಷತಾ ಪರವಾನಗಿ, ಪಂಚಾಯತಿನ ಪರವಾನಗಿಗಳೂ ಬೋರ್ಡಿನ ಜೊತೆ ತಾವಾಗಿ ಕೈ ಬದಲಾಯಿಸುವುದಿಲ್ಲ.

ಕಟ್ಟಡದ ಮಾಲಕರನ್ನು ಮರೆಯುವವರೇ ಹೆಚ್ಚು. ಅಂಗಡಿ ಬಾಡಿಗೆ ಕೋಣೆಯಲ್ಲಿದ್ದು, ಮಾಲಕರ ಒಪ್ಪಿಗೆಯಿಲ್ಲದೆ ಬಾಡಿಗೆದಾರರು ತಮ್ಮ ಹಕ್ಕನ್ನು ನಿಮಗೆ ವರ್ಗಾಯಿಸಿದರೆ, ಬಾಡಿಗೆ ಪತ್ರದಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ, 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಯಲ್ಲಿರುವಲ್ಲಿ ಅದೇ ತೆರವಿಗೆ ಕಾರಣವಾಗುತ್ತದೆ. ಗುಡ್‌ವಿಲ್ (ಅಂಗಡಿಯ ಹೆಸರು, ಗಿರಾಕಿಗಳಿಗಾಗಿ ಕೊಡುವ ಬೆಲೆ) ಎಂದು ಲಕ್ಷಗಟ್ಟಲೆ ಕೊಟ್ಟು ಕೋಣೆಯನ್ನೇ ಕಳೆದುಕೊಳ್ಳುವ ದಾರಿ ಇದು. ಮಾಲಕರನ್ನು ಕೂರಿಸಿಕೊಂಡು ನಿಮ್ಮ ಹೆಸರಿನಲ್ಲೇ ಹೊಸ ಬಾಡಿಗೆ ಪತ್ರ ಮಾಡಿಸಿ.

ಗುಡ್‌ವಿಲ್ ಕೊಡುವುದಾದರೆ ಅದನ್ನು ಕರಾರಿನಲ್ಲಿ ಬಾಯಿಬಿಟ್ಟು ಬರೆಸಿ. ವ್ಯಾಪಾರ ಮಾಡಕೂಡದೆಂಬ ಒಪ್ಪಂದವನ್ನು 1872ರ ಕರಾರು ಕಾಯ್ದೆಯ 27ನೇ ಕಲಮು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗುಡ್‌ವಿಲ್ ಮಾರಿದವರಿಗೆ ಮಾತ್ರ ನಿರ್ದಿಷ್ಟ ಪ್ರದೇಶದೊಳಗೆ ಅಂಥದೇ ವ್ಯಾಪಾರ ಮಾಡದಂತೆ ನ್ಯಾಯವಾದ ಮಿತಿಯಲ್ಲಿ ಷರತ್ತು ಹಾಕಬಹುದು. ಇಲ್ಲವಾದರೆ ಅವರು ಎದುರು ಸಾಲಿನಲ್ಲೇ ಅಂಗಡಿ ತೆರೆದರೂ ನೀವು ನೋಡುತ್ತಾ ನಿಲ್ಲಬೇಕು.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು: ಕರಾರು ಕನ್ನಡದಲ್ಲಿರಬಹುದೇ? ಖಂಡಿತ ಇರಬಹುದು. ಕರಾರಿಗೆ ಇಂಥದೇ ಭಾಷೆ ಎಂದು ಕಾನೂನಿನಲ್ಲಿಲ್ಲ. ನೋಂದಣಿಗೆ ಹೋಗುವ ಪತ್ರವಾದರೆ, ಒಂದು ವರ್ಷಕ್ಕೆ ಮೀರಿದ ಬಾಡಿಗೆ ಪತ್ರದಂಥದ್ದು, 1908ರ ನೋಂದಣಿ ಕಾಯ್ದೆಯ 19ನೇ ಕಲಮು ಅನ್ವಯಿಸುತ್ತದೆ. ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲೂ ಇಲ್ಲದ ಭಾಷೆಗೆ ಮಾತ್ರ ಅದು ಅನುವಾದ ಕೇಳುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರೂ ಹೇಳಲಾರರು. ಮಲಯಾಳದಲ್ಲಿ ಬರೆದ ಕರಾರಿಗೆ ಅರ್ಥ ತಿಳಿಯದೆ ಸಹಿ ಹಾಕಬೇಡಿ. ಎರಡು ಭಾಷೆಗಳಲ್ಲಿ ಮಾಡಿಸಿದರೆ, ವ್ಯತ್ಯಾಸ ಬಂದಾಗ ಯಾವ ಭಾಷೆಯ ಪ್ರತಿ ಅಂತಿಮ ಎಂಬುದನ್ನು ಕರಾರಿನೊಳಗೇ ಬರೆಸಿ.